ಕೊನೆಯ ಜಾವಳ

ಇವತ್ತು ಬೆಳಿಗ್ಗೆ ಗಡ್ಡ ಮಾಡಿಕೊಳ್ಳುವಾಗ ಗದ್ದದ ಕೆಳಗೆ ಬ್ಲೇಡು ತಾಗಿತು. ಪಟಿಕದ ತುಂಡನ್ನು ಒದ್ದೆ ಮಾಡಿ ಒತ್ತಿ ಹಿಡಿದೆ. ಆ ತಣ್ಣನೆಯ ಉರಿ ಚರ್ಮಕ್ಕೆ ಇಳಿಯುತ್ತಿದ್ದಂತೆ ಪ್ರತಾಪ ನಗರದ ನಮ್ಮ ಓಣಿಯ ಕ್ಷೌರದ ಕಾಕಾ ನೆನಪಾದರು.

ಅವರು ಕಲಬುರಗಿ ಕಡೆಯಿಂದ ಈ ಮರಾಠಿ ಊರಿಗೆ ಬಂದವರು. ನನ್ನ ಜಾವಳ, ಅಕ್ಕನ ಜಾವಳ, ಸುತ್ತಲಿನ ಮರಾಠಿ ಮನೆಗಳ ಮಕ್ಕಳ ಮೊದಲ ಕೂದಲು, ಎಲ್ಲವನ್ನೂ ಅವರೇ ತೆಗೆದದ್ದು. ಆಮೇಲೆ ಎಲ್ಲ ಕಡೆ ಮಕ್ಕಳು ಹುಟ್ಟುವುದು ಕಡಿಮೆಯಾಗುತ್ತ ಬಂತು, ಒಂದು ದಿನ ನಿಂತೇ ಹೋಯಿತು. ಯಾಕೆಂದು ಇವತ್ತಿಗೂ ಯಾರಿಗೂ ಗೊತ್ತಿಲ್ಲ. ನಮ್ಮ ಓಣಿಯಲ್ಲಿ ಕೊನೆಗೆ ಹುಟ್ಟಿದವಳು ಅಕ್ಕನ ಮಗಳು. ಅವಳು ಅಂಗಳದಲ್ಲಿ ಆಡುವಾಗ ನೆರೆಯವರು ಗೇಟಿನ ಹೊರಗೆ ಕುರ್ಚಿ ಹಾಕಿಕೊಂಡು ನೋಡುತ್ತ ಕೂರುತ್ತಿದ್ದರು.

ಅವಳ ಮೂರನೇ ವರ್ಷದಲ್ಲಿ ಜಾವಳ ನಿಶ್ಚಯವಾಯಿತು. ಅಕ್ಕನಿಗೆ ಕತ್ತಿ ಎಂದರೆ ಭಯ. ಮಷೀನಿನಲ್ಲಿ ತೆಗೆಸೋಣ ಎಂದಳು. ಸೋದರಮಾವನ ತೊಡೆಯ ಮೇಲೆ ಕೂರಿಸಿ ಕಾಕಾ ಕೈಯಿಂದಲೇ ಮಾಡಿಸಬೇಕೆಂದು ಹಟ ಹಿಡಿದವನು ನಾನು.

ಹೇಳಲು ಹೋದಾಗ ಕಾಕಾ ಖಾಲಿ ಕುರ್ಚಿಯನ್ನು ನನ್ನ ಕಡೆ ತಿರುಗಿಸಿದರು. "ಕೂಸಿನ ತಲಿ ಮುಟ್ಟಿ ಐದು ವರ್ಷ ಆತು, ತಮ್ಮಾ. ಮೊದಲ ನಿನ್ನ ತಲಿ ಕೊಡು, ನೋಡೋಣು."

"ನಂದೇನು ಕೂಸಿನ ತಲಿಯೇನ್ರಿ ಕಾಕಾ?"

"ಬುದ್ಧಿ ಬರೋಬರ್ ಅಷ್ಟೇ ಅದ. ಕೂಡು."

ನಕ್ಕು ಕೂತೆ. ಕತ್ತಿ ಎರಡು ಕಡೆ ತಾಗಿತು. ಅವರ ಬೆರಳು ನಡುಗುತ್ತಿದ್ದದ್ದು ಕನ್ನಡಿಯಲ್ಲಿ ಕಂಡಿತು. "ಬ್ಯಾಡ ತಮ್ಮಾ, ಮಷೀನೇ ಚಲೋ," ಎಂದರು.

"ಏನಾಗೂದಿಲ್ರಿ, ಬರ್ರಿ," ಎಂದೆ.

ಬಿಸಿಲಿಗೆ ತಲೆ ಬೋಳಿಸಿಕೊಂಡೆ ಎಂದು ಮನೆಯಲ್ಲಿ ಹೇಳಿ, ಗಾಯದ ಮೇಲೆ ಟವೆಲ್ಲು ಸುತ್ತಿಕೊಂಡೆ.

ಜಾವಳದ ದಿನ ಓಣಿಯೆಲ್ಲ ನಮ್ಮ ಅಂಗಳದಲ್ಲಿತ್ತು. ಅರ್ಧ ತಲೆ ಮುಗಿದಿತ್ತು. ಅಷ್ಟರಲ್ಲಿ ಎಡಗಿವಿಯ ಮೇಲೆ ಸಾಸಿವೆ ಕಾಳಿನಷ್ಟು ರಕ್ತ ಕಂಡಿತು. ಮಗು ಅಳಲೂ ಇಲ್ಲ. ಹಿಂದಿನ ದಿನಗಳಾಗಿದ್ದರೆ ಪಟಿಕ ಹಚ್ಚಿ ಕೆಲಸ ಮುಂದುವರಿಸುತ್ತಿದ್ದರು. ಅವತ್ತು ಯಾರೋ ಚೀರಿದರು. ಅಕ್ಕ ಮಗುವನ್ನು ನನ್ನ ತೊಡೆಯಿಂದ ಕಸಿದುಕೊಂಡಳು.

"ಕೈ ನಡುಗೂದು ನಿಮಗ ಗೊತ್ತಿರ್ಲಿಲ್ಲೇನ್ರಿ?"

ಕಾಕಾ ಒಮ್ಮೆ ನನ್ನ ಕಡೆ ನೋಡಿದರು. ನಾನು ಪಂಚೆಯ ಮೇಲೆ ಬಿದ್ದ ಕೂದಲು ಆರಿಸುತ್ತಿದ್ದೆ. "ತಪ್ಪಾತವ್ವಾ," ಎಂದು ಕತ್ತಿ ಒರೆಸಿ ಪೆಟ್ಟಿಗೆಯಲ್ಲಿಟ್ಟುಕೊಂಡು ಹೊರಟುಹೋದರು.

ಆಮೇಲೆ ಓಣಿಯವರು ಅವರ ಅಂಗಡಿಗೆ ಹೋಗಲಿಲ್ಲ. ನಾನೂ ಹೋಗಲಿಲ್ಲ. ಕೆಲವು ತಿಂಗಳಲ್ಲಿ ಅಂಗಡಿ ಮುಚ್ಚಿತು. ಹತ್ತಿರದ ಊರು ಕಾಮಠಿಯಲ್ಲಿ, ತಮ್ಮನ ಮನೆಯಲ್ಲಿ ಕಾಕಾ ತೀರಿಕೊಂಡರೆಂದು ಬಹಳ ದಿನಗಳ ಮೇಲೆ ಕೇಳಿದೆ...

ಅಕ್ಕನ ಮಗಳಿಗೆ ಈಗ ಹನ್ನೊಂದು. ಇವತ್ತು ಸಂಜೆ ಅವರ ಮನೆಗೆ ಹೋದಾಗ ಅವಳು ಜಡೆ ಬಿಚ್ಚಿ ಕೂತಿದ್ದಳು. ಎಡಗಿವಿಯ ಮೇಲಿನ ಕೂದಲನ್ನು ಮೆಲ್ಲಗೆ ಸರಿಸಿ ನೋಡಿದೆ.

"ಹೇನು ಹುಡುಕ್ತಿಯೇನು ಮಾಮಾ? ನನಗ ಯಾರಿಂದ ಬರ್ಬೇಕು?" ಎಂದಳು.

ಗಾಯದ ಗುರುತು ಇರಲಿಲ್ಲ. ಬೆರಳಿನಿಂದ ಮುಟ್ಟಿಯೂ ನೋಡಿದೆ. ಅಡುಗೆಮನೆಯಿಂದ ಅಕ್ಕ ಚಹಾ ತಂದಿಟ್ಟಳು. ಕಾಕಾ ಬೇಡವೆಂದಿದ್ದನ್ನು ಅವಳಿಗೆ ಇವತ್ತೂ ಹೇಳಲಿಲ್ಲ.