ಎರಡನೇ ಬದಿಯ ಮೊದಲ ಹಾಡು

ಒಣಮೀನಿನ ವಾಸನೆ ಬಂದರೆ ಜನ ಮೂಗು ಮುಚ್ಚಿಕೊಳ್ಳುತ್ತಾರೆ. ನನಗೆ ಗಿಟಾರು ಕೇಳಿಸುತ್ತದೆ. ನಗಬೇಡಿ, ಇದ್ದದ್ದನ್ನೇ ಹೇಳುತ್ತಿದ್ದೇನೆ. ಅಂಕೋಲೆಯ ಸಂತೆಯಲ್ಲಿ ಒಣಬಂಗಡೆ, ಒಣಸಿಗಡಿಯ ಬುಟ್ಟಿ ಇಟ್ಟುಕೊಂಡು ಹೆಂಗಸರು ಸಾಲಾಗಿ ಕೂತಿರುತ್ತಾರಲ್ಲ, ಅಲ್ಲಿ ಚೀಲ ಹಿಡಿದು ನಿಂತೆನೆಂದರೆ ಸಾಕು, ತಲೆಯೊಳಗೆ ಎಲ್ಲಿಂದಲೋ ಡ್ರಮ್ಮು ಶುರುವಾಗುತ್ತದೆ, ಕಾಲು ತಾನಾಗಿ ನೆಲ ತಟ್ಟುತ್ತದೆ. ಮೊನ್ನೆ ಒಬ್ಬಳು ಮೀನು ಕಟ್ಟುತ್ತಾ, ಏನು ಬಾಯೀ, ಕಾಲಿಗೆ ಇರುವೆ ಹತ್ತಿತೋ ಎಂದು ಕೇಳಿದಳು. ಅವಳಿಗೆ ನಾನು ಹೇಗೆ ತಿಳಿಸಿ ಹೇಳಲಿ, ಅವಳ ಬುಟ್ಟಿಯ ವಾಸನೆಯೊಳಗೆ ಉದ್ದ ಕೂದಲಿನ ನಾಲ್ಕು ಜನ ಪರದೇಶಿಗಳು ಹಾಡುತ್ತಿದ್ದಾರೆ ಅಂತ? ಹೌದು ಅಂದೆ, ಮೀನು ತೆಗೆದುಕೊಂಡು ಬಂದೆ.

ಆ ವಾಸನೆ ಕಾರವಾರದ ಬೈತಖೋಲದ್ದು. ಬಂದರಿನ ಮೇಲಿನ ಗುಡ್ಡದ ಬುಡದಲ್ಲಿ ನನ್ನ ಆಜಿಯ, ಅಂದರೆ ತಾಯಿಯ ತಾಯಿಯ, ಮನೆಯಿತ್ತು. ಈಗ ಅಲ್ಲಿ ಮನೆಯೂ ಇಲ್ಲ, ಗುಡ್ಡದ ಬುಡವೂ ಇಲ್ಲ, ರಸ್ತೆಯಿದೆ. ಅಪ್ಪ, ನಮ್ಮ ಬಾಬಾ, ಕೈಗಾದ ಅಣುಸ್ಥಾವರದಲ್ಲಿ ಕೆಲಸಕ್ಕಿದ್ದು ಶಿಫ್ಟಿನ ಲೆಕ್ಕದಲ್ಲಿ ಬಂದುಹೋಗುತ್ತಿದ್ದುದರಿಂದ ನಾನೂ ಆಯಿಯೂ ಅಲ್ಲೇ ಬೆಳೆದೆವು ಅನ್ನಬೇಕು. ಆಯಿ ಬೆಳೆದದ್ದು ಮೊದಲೇ, ಆದರೆ ಆಜಿಯ ಕಣ್ಣಿಗೆ ಆಕೆ ಯಾವತ್ತೂ ಬೆಳೆಯಲಿಲ್ಲ. ಜಗಲಿಯಲ್ಲಿ ಕೂತರೆ ಕೆಳಗೆ ಬೋಟುಗಳು, ಮಂಜುಗಡ್ಡೆ ಒಡೆಯುವ ಸದ್ದು, ಮೀನಿನ ಹರಾಜಿನ ಕೂಗು. ಡೀಸೆಲ್ಲಿನ ವಾಸನೆ ಮಧ್ಯಾಹ್ನದ ಗಾಳಿಗೆ ಮೇಲೆ ಹತ್ತಿ ಬಂದು ಅಂಗಳದ ಒಣಮೀನಿನ ವಾಸನೆಯ ಜೊತೆ ಕೂಡುತ್ತಿತ್ತು. ಮನೆಮಾತು ನಮ್ಮದು ಕೊಂಕಣಿ, ಜಗಳ ಮಾತ್ರ ಯಾವ ಭಾಷೆ ಮೊದಲು ಬಾಯಿಗೆ ಬಂತೋ ಅದರಲ್ಲಿ. ಆ ಮನೆಯ ಗಂಡುದಿಕ್ಕು ನನ್ನ ಮಾಮ, ಆಯಿಯ ತಮ್ಮ, ಟ್ರಾಲರಿನ ಎಂಜಿನ್ ಡ್ರೈವರ್.

ಕ್ಯಾಸೆಟ್ಟು ತಂದವನು ಅವನೇ. ಬಂದರಿಗೆ ಬಂದಿದ್ದ ಯಾವುದೋ ಹೊರದೇಶದ ಹಡಗಿನ ಅಡುಗೆಯವನಿಗೆ ಒಂದು ಬುಟ್ಟಿ ಬಂಗಡೆ ಕೊಟ್ಟು ಇದನ್ನು ಪಡೆದುಕೊಂಡು ಬಂದ. ಆಜಿ ಒಂದು ವಾರ ಬೈದಳು; ಒಂದು ಬುಟ್ಟಿ ಬಂಗಡೆಗೆ ಒಂದು ಬೆರಳುದ್ದದ ಡಬ್ಬಿಯೇ ಎಂದು. ಆ ಬ್ಯಾಂಡಿನ ಹೆಸರು ಈಗ ಜಗತ್ತಿಗೆಲ್ಲ ಗೊತ್ತು, ಆಗ ನಮಗೆ ಓದಲೂ ಬರುತ್ತಿರಲಿಲ್ಲ. ನಾವು ಅವರನ್ನು ‘ಕೂದಲಿನವರು’ ಎನ್ನುತ್ತಿದ್ದೆವು. ಎಂಟು ಹಾಡು. ಎರಡನೇ ಬದಿಯ ಮೊದಲನೆಯದು ಬಲು ಉದ್ದ, ಮೆಲ್ಲಗೆ ಶುರುವಾಗಿ ಕೊನೆಗೆ ಮನೆಯ ಹಂಚು ಅಲುಗುವಷ್ಟು ಜೋರಾಗುತ್ತಿತ್ತು. ಮಾಮನ ಜೀವ ಇದ್ದದ್ದು ಆ ಹಾಡಿನಲ್ಲಿ. ಅದು ಹಚ್ಚಿದಾಗ ಅವನ ಮುಖ ನೋಡಬೇಕಿತ್ತು ನೀವು. ಸಮುದ್ರದ ಮೇಲೆ ಹದಿನೈದು ದಿನ ಇದ್ದು ಬಂದವನ ದಣಿವೆಲ್ಲ ಇಳಿದು ಹುಡುಗನಾಗಿಬಿಡುತ್ತಿದ್ದ.

ಆದರೆ ಅವನ ಕಿವಿ ಹೋಗುತ್ತಿತ್ತು. ಅಷ್ಟು ವರ್ಷ ಎಂಜಿನ್ನಿನ ಮಗ್ಗುಲಲ್ಲೇ ಕೂತು, ಅಲ್ಲೇ ಉಂಡು, ಅಲ್ಲೇ ಮಲಗಿದವನ ಕಿವಿ ಎಷ್ಟು ದಿನ ತಡೆದೀತು? ಕಾರವಾರದ ಡಾಕ್ಟರು ಎಂಜಿನ್ ಬಿಡು ಎಂದರು. ಅದನ್ನು ಬಿಟ್ಟರೆ ಬೇರೆ ಏನೂ ಬರುವುದಿಲ್ಲ ಎಂದು ಇವನು ಎದ್ದು ಬಂದ. ಮೊದಲು ಹೋದದ್ದು ಸಣ್ಣ ಸದ್ದುಗಳು. ಆ ಹಾಡಿನಲ್ಲಿ ತಾಳದಂಥದ್ದೊಂದು ಸಳ್ ಸಳ್ ಎನ್ನುತ್ತಿತ್ತಲ್ಲ, ಅದು ಇದೆಯೋ ಇಲ್ಲವೋ ಎಂದು ಒಂದು ದಿನ ನನ್ನನ್ನು ಕೇಳಿದ. ಇದೆ ಮಾಮ ಎಂದೆ. ಆಮೇಲೆ ಗಿಟಾರಿನ ತುದಿ ಹೋಯಿತು, ಆಮೇಲೆ ಹಾಡುವವನ ಮೇಲ್ಮಟ್ಟದ ದನಿ. ತಿಂಗಳಿಗೊಂದು ಸದ್ದಿನಂತೆ ಆ ಹಾಡು ಅವನ ಕೈಬಿಡುತ್ತಿತ್ತು. ಅವನಿಗೆ ಇಡೀ ಲೋಕ ಮೌನವಾದರೂ ಚಿಂತೆಯಿರಲಿಲ್ಲ, ಆ ಒಂದು ಹಾಡು ಉಳಿಯಬೇಕಿತ್ತು. ಹಾಗಾಗಿ ಅವನು ಮನೆಯಲ್ಲಿ ಒಂದು ಪದ್ಧತಿ ಮಾಡಿದ: ಸಂಜೆ ಜಗಲಿಯಲ್ಲಿ ಕ್ಯಾಸೆಟ್ಟು ಹಚ್ಚುವುದು, ಟೇಪ್ ರೆಕಾರ್ಡರಿನ ಮೇಲೆ ಅಂಗೈ ಇಟ್ಟುಕೊಂಡು ಕೂರುವುದು, ಪ್ರತಿ ಹಾಡು ಮುಗಿದ ಕೂಡಲೇ ನಿಲ್ಲಿಸಿ, ಹೆಂಗಿತ್ತು, ಒಬ್ಬೊಬ್ಬರೇ ಹೇಳಿ, ಎನ್ನುವುದು.

ಚಲೋ ಇತ್ತು ಎಂದರೆ ಅವನು ಬಿಡುತ್ತಿರಲಿಲ್ಲ. ಮೀನಿನ ಮನೆಯಲ್ಲವೇ, ಮೀನಿನಲ್ಲೇ ಹೇಳಬೇಕು. ಎಲ್ಲಕ್ಕೂ ಮೇಲೆ ಇಸ್ವಾಣದ ಹಾಡು, ಅದರ ಕೆಳಗೆ ಬಂಗಡೆಯ ಹಾಡು, ಆಮೇಲೆ ತಾರ್ಲೆಯ ಹಾಡು, ಕಡೆಗೆ ಗೊಬ್ಬರಕ್ಕೆ ಹಾಕುವ ಕಸಮೀನಿನ ಹಾಡು. ಮೊದಲ ಬದಿಯ ಮೊದಲನೆಯದಕ್ಕೆ ಆಜಿ ಕಸಮೀನಿಗಿಂತ ಮೇಲಿನ ಜಾಗ ಕೊಡಲೇ ಇಲ್ಲ. ಹೊಟ್ಟೆನೋವಿನವನನ್ನು ಹಾಡಲು ನಿಲ್ಲಿಸಿದ್ದಾರೆ, ಓಮದ ಕಷಾಯ ಕೊಡುವವರು ಯಾರೂ ಇಲ್ಲ ಎಂಬುದು ಅವಳ ತೀರ್ಪು. ಮೂರನೆಯದು ಅವಳಿಗೆ ಇಸ್ವಾಣ, ಯಾಕೆಂದರೆ ಅದರಲ್ಲಿ ಆ ಹುಡುಗ ತಾಯಿಯನ್ನು ಕರೆಯುತ್ತಾನೆ. ಕರೆಯುತ್ತಾನೋ ಇಲ್ಲವೋ ಯಾರಿಗೆ ಗೊತ್ತಿತ್ತು? ಆಯಿ ಡ್ರಮ್ಮಿನವನ ಪಕ್ಷ. ಆ ನಾಲ್ವರಲ್ಲಿ ಮೈಮುರಿದು ದುಡಿಯುವವನು ಅವನೊಬ್ಬನೇ, ಉಳಿದವರು ನಿಂತುಕೊಂಡು ಕೂದಲು ಒಣಗಿಸುತ್ತಾರೆ ಎನ್ನುತ್ತಿದ್ದಳು. ಬಾಬಾ ಕೈಗಾದ ಬಸ್ಸಿಳಿದು ಬಂದವರು ಎಲ್ಲ ಎಂಟನ್ನೂ ತಾರ್ಲೆ ಎಂದು ಹೇಳಿ ನಿದ್ದೆಗೆ ಹೋಗುತ್ತಿದ್ದರು. ಮೊದಲ ಬದಿಯ ಕಡೆಯ ಹಾಡು ಕಸಮೀನು ಎನ್ನುವುದರಲ್ಲಿ ಮಾತ್ರ ಉಳಿದ ಮನೆಯೆಲ್ಲ ಒಂದಾಗಿತ್ತು. ಎರಡನೇ ಬದಿಯ ಮೊದಲನೆಯದಕ್ಕೆ ಆಜಿ ಮೂಗು ಮುರಿಯುತ್ತಿದ್ದಳು, ಆಯಿ ಬಂಗಡೆ ಎನ್ನುತ್ತಿದ್ದಳು, ನಾನು ಇಸ್ವಾಣ ಎಂದು ಕೂಗಿ ಮಾಮನ ಬೆನ್ನಿಗೆ ಜೋತುಬೀಳುತ್ತಿದ್ದೆ.

ಹೀಗಿರುವಾಗ ಒಂದು ವರ್ಷ ಮಳೆಗಾಲದ ರಜೆ ಮುಗಿದು ಬೋಟುಗಳು ಇಳಿದವು. ಮಾಮ ಮೊದಲ ಸುತ್ತಿಗೆ ಕ್ಯಾಸೆಟ್ಟನ್ನೂ ಚೀಲದಲ್ಲಿ ಹಾಕಿಕೊಂಡು ಹೋದ. ಅಲೆಯೊಂದು ಏರಿ ಬಂದು ಚೀಲವೆಲ್ಲ ಉಪ್ಪುನೀರು. ಅವನು ಹಿಂದೆ ಬಂದವನೇ ಚೀಲವನ್ನು ಜಗಲಿಗೆ ಎಸೆದು ಎಂಜಿನ್ ನೋಡಲು ಬಂದರಿಗೆ ಇಳಿದ. ಇನ್ನು ಕೇಳಿ. ಸಮುದ್ರದಿಂದ ಬಂದ ಯಾವ ಸಾಮಾನನ್ನೂ ಬಾವಿಯ ಸಿಹಿನೀರಿನಲ್ಲಿ ತೊಳೆಯದೆ ಮನೆಯೊಳಗೆ ತರಬಾರದು, ಉಪ್ಪು ಅದನ್ನು ತಿಂದುಬಿಡುತ್ತದೆ; ಇದು ನಮ್ಮವರಲ್ಲಿ ಎದೆಹಾಲಿನ ಜೊತೆ ಬಂದ ಪಾಠ. ಆಜಿ ಅಂಗಿ ತೊಳೆದಳು, ಟಾರ್ಚು ತೊಳೆದಳು, ಕ್ಯಾಸೆಟ್ಟನ್ನೂ ತೊಳೆದಳು. ಅಷ್ಟಕ್ಕೇ ಬಿಟ್ಟಿದ್ದರೆ ಉಳಿಯುತ್ತಿತ್ತೋ ಏನೋ. ಬಲೆಯನ್ನು ಬಿಚ್ಚಿ ಹರಡಿ ಒಣಗಿಸಿ ಅಭ್ಯಾಸವಾದ ಕೈ, ಡಬ್ಬಿಯೊಳಗಿನ ರೀಲನ್ನೂ ಮಾರುಗಟ್ಟಲೆ ಹೊರಗೆಳೆದು, ಒಣಮೀನಿನ ಚಾಪೆಯ ಮೇಲೆ, ಬಂಗಡೆಗಳ ನಡುವೆ ನೀಟಾಗಿ ಹರಡಿಬಿಟ್ಟಳು. ನಾನು ಶಾಲೆಯಿಂದ ಬರುವಷ್ಟರಲ್ಲಿ ಬಿಸಿಲಿಗೆ ರೀಲು ಚಾಪೆಗೆ ಅಂಟಿತ್ತು. ಎಬ್ಬಿಸಿದರೆ ಕಂದುಬಣ್ಣವೆಲ್ಲ ಚಾಪೆಗೇ ಬಂತು. ಪೆನ್ಸಿಲು ತೂರಿಸಿ ತಿರುಗಿಸಿ ತಿರುಗಿಸಿ ರೀಲನ್ನು ಒಳಗೆ ಕಳಿಸಿ ಹಚ್ಚಿ ನೋಡಿದೆವು. ಮೊದಲ ಬದಿಯ ಕಡೆಯ ಹಾಡು ಹೋಗಿತ್ತು, ಅದು ಹೋದದ್ದೇ ಒಳ್ಳೆಯದಾಯಿತು. ಆದರೆ ರೀಲಿನ ಅದೇ ತುಂಡಿನ ಮತ್ತೊಂದು ಬದಿಯಲ್ಲಿ ಇದ್ದದ್ದು ಮಾಮನ ಹಾಡು. ಅದರ ಉದ್ದಕ್ಕೂ ಸುಂಯ್ ಎಂಬ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಆಜಿ ನೆಲಕ್ಕೆ ಕೂತಳು. ನನ್ನ ಕೈಯಿಂದ ಇಂಥದ್ದಾಯಿತಲ್ಲ ಎಂದು ಹಣೆ ಚಚ್ಚಿಕೊಂಡಳು. ಕಾರವಾರದ ಅಂಗಡಿಗಳಲ್ಲಿ ಭಜನೆಯ, ಸಿನಿಮಾದ ಕ್ಯಾಸೆಟ್ಟು ಸಿಗುತ್ತಿತ್ತೇ ಹೊರತು ಕೂದಲಿನವರು ಎಲ್ಲಿ ಸಿಗಬೇಕು?

ಮಾಮನಿಗೆ ಹೇಳುವ ಧೈರ್ಯ ಯಾರಿಗೂ ಬರಲಿಲ್ಲ. ಆ ಸಂಜೆ ಅವನು ಎಂದಿನಂತೆ ಹಚ್ಚಿದ. ಆ ಹೊತ್ತಿಗೆ ಅವನಿಗೆ ಹತ್ತಿರ ಬಂದು ಕೂಗಿ ಹೇಳಿದ್ದು ಬಿಟ್ಟರೆ ಬೇರೇನೂ ಕೇಳುತ್ತಿರಲಿಲ್ಲ. ಎರಡನೇ ಬದಿ ತಿರುಗಿಸಿದ. ಹತ್ತು ನಿಮಿಷಕ್ಕೂ ಹೆಚ್ಚು ಹೊತ್ತು ಆ ಸುಂಯ್ ಸದ್ದನ್ನು ನಾವು ಮೂವರೂ ಉಸಿರು ಬಿಗಿಹಿಡಿದು ಕೇಳಿದೆವು. ಮುಗಿದ ಮೇಲೆ ಮಾಮ ತಲೆಯೆತ್ತಿ, ಹೆಂಗಿತ್ತು ಎಂದ. ಆ ಹಾಡಿಗೆ ಯಾವತ್ತೂ ಮೂಗು ಮುರಿಯುತ್ತಿದ್ದ ಆಜಿಯೇ ಅವನ ಕಿವಿಯ ಹತ್ತಿರ ಬಗ್ಗಿ, ಇವತ್ತು ಇಸ್ವಾಣ ಎಂದು ಕೂಗಿದಳು. ಆಮೇಲೆ ನಾನೂ ಆಯಿಯೂ ಶುರು ಮಾಡಿದೆವು.

ಎರಡು ವರ್ಷ ಹೀಗೆ ನಡೆಯಿತು ಎಂದರೆ ನಂಬುತ್ತೀರಾ? ಇಲ್ಲದ ಹಾಡಿಗೆ ಎರಡು ವರ್ಷ ಅಭಿಪ್ರಾಯ! ಮೊದಮೊದಲು ಭಯದಿಂದ ಹೇಳಿದೆವು, ಆಮೇಲೆ ರುಚಿ ಹತ್ತಿತು. ಗಿಟಾರಿನವನು ಇವತ್ತು ಗಾಳಿ ಬೀಳುವ ಮೊದಲೇ ಹಾಯಿ ಇಳಿಸಿದ ಎಂದು ಆಯಿ ದೂರುತ್ತಿದ್ದಳು. ಇಲ್ಲ, ಅವನು ಇಳಿಸಲಿಲ್ಲ, ಹಾಡುವವನು ಅತ್ತದ್ದರಿಂದ ಅವನು ಕಾಯ್ದ ಎಂದು ನಾನು ವಾದ ಹೂಡುತ್ತಿದ್ದೆ. ನಡುವೆ ಒಬ್ಬ ಹೆಂಗಸು ಬಂದು ನಿಂತಹಾಗಿದೆ ಎಂದು ಆಜಿ ಒಂದು ದಿನ ಹೇಳಿದಳು. ಮರುದಿನದಿಂದ ಆ ಹೆಂಗಸು ಹಾಡಿನಲ್ಲಿ ಖಾಯಂ ಆದಳು, ಅವಳ ಸೀರೆಯ ಬಣ್ಣದ ಮೇಲೆ ಜಗಳವಾಯಿತು. ಬಾಬಾ ಕೂಡ ನಿದ್ದೆ ಬಿಟ್ಟು ಬಂದು ಕೂತು ತಮ್ಮದೊಂದು ಮಾತು ಸೇರಿಸತೊಡಗಿದರು. ಮಾಮ ಒಬ್ಬೊಬ್ಬರ ತುಟಿ ನೋಡುತ್ತಾ, ಅಂಗೈಯನ್ನು ಟೇಪಿನ ಮೇಲಿಟ್ಟುಕೊಂಡು, ತಲೆದೂಗುತ್ತಾ ಕೂರುತ್ತಿದ್ದ. ಅಷ್ಟು ಸಂತೋಷದ ಸಂಜೆಗಳನ್ನು ನಾನು ಮತ್ತೆ ಕಾಣಲಿಲ್ಲ.

ಮಾಮನಿಗೆ ಅಂಕೋಲೆಯ ಕೇಣಿಯಿಂದ ಹೆಣ್ಣು ಬಂತು. ಮಾಮಿ ತಾಯಿಯ ಜೊತೆ ಪೇಟೆಯಲ್ಲಿ ಮೀನು ಮಾರಿ ಬೆಳೆದವಳು. ಬಾಯಿ ನೇರ, ದನಿ ದೊಡ್ಡದು. ಮದುವೆಯ ಗಡಿಬಿಡಿಯಲ್ಲಿ ಊರಿನದ್ದೆಲ್ಲ ಅವಳಿಗೆ ಹೇಳಿದೆವು, ಇದೊಂದನ್ನು ಹೇಳಲು ಮರೆತೆವು. ಮದುವೆಯಾದ ವಾರದಲ್ಲಿ ಜಗಲಿಯಲ್ಲಿ ಕ್ಯಾಸೆಟ್ಟಿನ ಸಂಜೆ ಕೂಡಿತು. ಎರಡನೇ ಬದಿ ತಿರುಗಿದಾಗ ಆಯಿಗೆ ನೆನಪಾಗಿ ಕಣ್ಸನ್ನೆ ಮಾಡಿದಳು, ಮಾಮಿಗೆ ತಿಳಿಯಲಿಲ್ಲ. ಹಾಡು ಎನ್ನುವುದು ಮುಗಿಯಿತು. ಹೊಸಬಳದ್ದು ಮೊದಲು ಎಂದು ಮಾಮ ಅವಳ ಕಡೆ ತಿರುಗಿದ. ಅವನಿಗೆ ಕೇಳಿಸುವಂತೆ ಎದುರು ಕೂತು ಗಟ್ಟಿಯಾಗಿ ಮಾತಾಡಬೇಕೆಂದು ನಾವೇ ಕಲಿಸಿದ್ದೆವಲ್ಲ, ಹಾಗೆಯೇ ಮಾಡಿದಳು.

“ಹಾಡು ಎಲ್ಲಿತ್ತು? ಬರೀ ಸುಂಯ್ ಅಂತಿತ್ತು. ಇದ್ರಲ್ಲಿ ಎಂತದೂ ಇಲ್ಲ.”

ಆಜಿ, ತೊಳೆದದ್ದು ನಾನು, ಮಗನೇ, ಎಂದು ಅಳಲು ಶುರುಮಾಡಿದಳು. ಮಾಮ ತಾಯಿಯ ಕೈ ಹಿಡಿದುಕೊಂಡ. ಅವನು ನಗುತ್ತಿದ್ದ, ಕಣ್ಣಲ್ಲಿ ನೀರೂ ಇತ್ತು.

“ನಂಗೆ ಆವತ್ತೇ ಗೊತ್ತಾಗಿತ್ತು ಆಯಿ. ಕೈ ಇಟ್ಟೆ, ಮೋಟಾರು ಬಿಟ್ರೆ ಕೈಗೆ ಎಂತದೂ ಬರ್ಲಿಲ್ಲ. ಹಾಡು ಇದ್ದಾಗ ನೀವು ಎರಡೇ ಮಾತು ಹೇಳ್ತಿದ್ರಿ. ಅದು ಹೋದ್ಮೇಲೆ ಅಲ್ದಾ ಇಷ್ಟೆಲ್ಲ ಹೇಳೂಕೆ ಸುರು ಮಾಡಿದ್ದು? ನಿಲ್ಸಬೇಡಿ.”

ನಾವು ನಿಲ್ಲಿಸಲಿಲ್ಲ. ಟೇಪ್ ರೆಕಾರ್ಡರು ಕೆಟ್ಟಿತು, ಅದನ್ನು ಯಾರೂ ರಿಪೇರಿ ಮಾಡಿಸಲಿಲ್ಲ, ಬೇಕಾಗಿಯೂ ಇರಲಿಲ್ಲ. ಮಾಮಿಗೆ ಛಲ ಬಂದು, ಏನಿತ್ತು ಆ ಹಾಡಿನಲ್ಲಿ ಎಂದು ನಮ್ಮೆಲ್ಲರನ್ನೂ ಕಾಡಿ ಕೇಳಿ ಪೂರ್ತಿ ಕಲಿತಳು. ಆಜಿ ಹೋದಳು, ಬಾಬಾ ಹೋದರು, ಆಯಿ ಹೋದಳು. ನಾನು ಮದುವೆಯಾಗಿ ಅಂಕೋಲೆಗೆ ಬಂದೆ. ಮನೆ ರಸ್ತೆಗೆ ಹೋಯಿತು. ಉಳಿದವಳು ಮಾಮಿಯೊಬ್ಬಳು. ಬಾಡಿಗೆ ಮನೆಯ ಮೆಟ್ಟಿಲ ಮೇಲೆ ಮಾಮನ ಎದುರು ಕೂತು, ಕೈಬಾಯಿ ಆಡಿಸುತ್ತಾ, ತಾನು ಒಂದು ಸಲವೂ ಕೇಳದ ಹಾಡನ್ನು ಅವನಿಗೆ ಹೇಳುತ್ತಿದ್ದಳು. ಹೋದ ಮಳೆಗಾಲದಲ್ಲಿ ಮಾಮ ತೀರಿಕೊಂಡ. ಅವಳೀಗ ಕೇಣಿಯಲ್ಲಿ ತಮ್ಮನ ಮನೆಯಲ್ಲಿದ್ದಾಳೆ.

ಮೊನ್ನೆ ಅವಳನ್ನು ನೋಡಲು ಹೋದಾಗ ನನ್ನ ಫೋನಿನಲ್ಲಿ ಆ ಆಲ್ಬಮ್ಮು ಹುಡುಕಿದೆ. ಸಿಕ್ಕಿತು. ಕೆಳಗೆ ಜಗತ್ತಿನ ಮೂಲೆಮೂಲೆಯ ಜನ ಬರೆದ ಅಭಿಪ್ರಾಯಗಳು ಇಳಿದಷ್ಟೂ ಮುಗಿಯಲಿಲ್ಲ. ಒಬ್ಬನ ಬದುಕನ್ನೇ ಆ ಹಾಡು ಬದಲಿಸಿತಂತೆ. ಇನ್ನೊಬ್ಬನಿಗೆ ಅದು ಎಳೆದೆಳೆದು ಬೇಸರವಂತೆ. ಓದಿ ಹೇಳಿದರೆ ಮಾಮಿಗೆ ಸಿಟ್ಟು ಬಂತು, ಅವನ್ಯಾರು ಬೇಸರ ಎನ್ನಲು ಎಂದಳು. ಹಾಡು ಹಚ್ಚಿದೆ. ನನಗೆ ಮೈಯೆಲ್ಲ ಮುಳ್ಳೆದ್ದಿತು. ಸಳ್ ಸಳ್ ಎನ್ನುವ ತಾಳ ಅಲ್ಲೇ ಇತ್ತು, ಗಿಟಾರು ಅಲ್ಲೇ ಇತ್ತು, ನಾನು ಕುಣಿಯುವುದೊಂದು ಬಾಕಿ. ಮಾಮಿ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣುಮುಚ್ಚಿ ಕಡೆಯವರೆಗೂ ಕೇಳಿದಳು. ಮುಗಿದ ಮೇಲೆ ಹೇಗಿತ್ತು ಎಂದೆ. ಅವಳು ಫೋನನ್ನು ನನ್ನ ಮಡಿಲಲ್ಲಿಟ್ಟಳು.

“ಚಲೋ ಅದೆ. ಆದ್ರೆ ಇದು ಅದಲ್ಲ ತಂಗೀ. ನಾ ಅವ್ರಿಗೆ ಹೇಳ್ತಿದ್ದ ಹಾಡಲ್ಲಿ ಕೊನೀಗೆ ಬೋಟು ದಡಕ್ಕೆ ಬತ್ತಿತ್ತು.”