ಆಯುಧಪೂಜೆಯ ದಿನ ನಾನು ತೆಗೆದ ಮುಚ್ಚಳ

ಮನ್ರೋ ಊರಿನ ನಮ್ಮ ಮನೆಯ ಹಿತ್ತಲಿಗೆ ಜಿಂಕೆಗಳು ದನ ಬಂದ ಹಾಗೆ ಬರುತ್ತವೆ ಎಂಬುದು, ಮೊಮ್ಮಕ್ಕಳೇ, ನಿಮಗೆ ಗೊತ್ತೇ ಇದೆ. ನನ್ನ ಚಪ್ಪರದವರೆಯನ್ನು ಎರಡು ವರ್ಷ ಬುಡದ ತನಕ ಮೇಯ್ದು ಹೋದವು. ಕಿಟಕಿಯಿಂದ ಬೈದರೆ ತಲೆ ಎತ್ತಿ ನೋಡಿ ಮತ್ತೆ ಮೇಯುತ್ತಿದ್ದವು. ಆದರೆ ನಾನೀಗ ಬರೆಯುತ್ತಿರುವುದು ನಿಮ್ಮ ಅಕ್ಕ ಮೊದಲ ಸಲ ಬೇಟೆಗೆ ಹೊರಟ ವರ್ಷದ ವಿಷಯ. ನೀವಿಬ್ಬರೂ ಆಗ ಚಿಕ್ಕವರು. ಆ ವರ್ಷ ನಾನು ಮಾಡಿದ ತಪ್ಪನ್ನು ಅವಳು ನೆಂಟರು ಬಂದಾಗಲೆಲ್ಲ ನಗುತ್ತಾ ಹೇಳುತ್ತಾಳೆ. ಅವಳು ಶುರುಮಾಡಿದ ಕೂಡಲೇ ನಾನು ಎದ್ದು ಅಡುಗೆಮನೆಗೆ ಹೋಗುತ್ತೇನೆ. ನಾಲ್ಕು ಜನರ ಮುಂದೆ ಹೇಳಲಾರೆ, ಬರೆಯಬಲ್ಲೆ.

ನಿಮ್ಮಪ್ಪ ಪ್ರತಿ ನವೆಂಬರಿನಲ್ಲಿ ನ್ಯೂಯಾರ್ಕಿನ ಉತ್ತರದ ಬೆಟ್ಟಗಳಿಗೆ ಜಿಂಕೆ ಬೇಟೆಗೆ ಹೋಗುತ್ತಾರಲ್ಲ, ಆ ವರ್ಷ ಅಕ್ಕ ತಾನೂ ಬರುತ್ತೇನೆಂದು ಹಟ ಹಿಡಿದಳು. ಆಗ ಅವಳು ಕಾಲೇಜಿನ ಮೊದಲ ವರ್ಷದಲ್ಲಿದ್ದಳು. ಬೇಟೆ ಕಲಿಸುವ ತರಗತಿಗೆ ಹೋಗಿ, ಪರೀಕ್ಷೆ ಬರೆದು, ಲೈಸೆನ್ಸ್ ತಂದಳು. ನಾನು ಹೆದರಿದ್ದೆ. ಹೆದರಿಕೆ ಕಡಿಮೆಯಾದದ್ದು ಅವಳ ಒಂದು ಮಾತಿನಿಂದ.

"ಒಂದೇ ಶಾಟ್ ಅಜ್ಜಿ. ಅದು ನರಳಬಾರದು. ನಂಗೆ ಹಂಡ್ರೆಡ್ ಪರ್ಸೆಂಟ್ ಶ್ಯೂರ್ ಇಲ್ಲ ಅಂದ್ರೆ ನಾನು ಹೊಡೆಯೋದೇ ಇಲ್ಲ."

ನನಗೆ ನನ್ನ ಅಪ್ಪನ ನೆನಪಾಯಿತು. ಕಡಲೆಕಾಯಿ ಹೊಲಕ್ಕೆ ನುಗ್ಗುವ ಹಂದಿಗಳಿಗಾಗಿ ಅಪ್ಪನ ಹತ್ತಿರ ಲೈಸೆನ್ಸಿನ ಕೋವಿ ಇತ್ತು. ಒಮ್ಮೆ ಗುಂಡು ಹಂದಿಯ ಸೊಂಟಕ್ಕೆ ತಗುಲಿ ಅದು ಓಡಿಹೋಯಿತು. ಅಪ್ಪ ಎರಡು ದಿನ ಬೇಲಿ ಬೇಲಿ ಹುಡುಕಿದರು. ಸಿಕ್ಕ ಮೇಲೆ ಊರವರು ಪಾಲು ಹಾಕಿಕೊಂಡರು, ಅಪ್ಪ ಮಾತ್ರ ಆ ದಿನ ಮಜ್ಜಿಗೆ ಕುಡಿದು ಮಲಗಿದರು. ನನಗಾಗ ಎಂಟು ವರ್ಷ ಇದ್ದಿರಬೇಕು. ಯಾಕಪ್ಪ ಎಂದು ಕೇಳುವ ಧೈರ್ಯ ಬರಲಿಲ್ಲ.

ಅಕ್ಕನಿಗೆ ನಿಮ್ಮಪ್ಪನ ಹಳೆಯ ರೈಫಲ್ ಸಿಕ್ಕಿತು. ಅದರ ಮೇಲಿದ್ದ ಸ್ಕೋಪ್, ಅಂದರೆ ಗುರಿ ನೋಡುವ ದುರ್ಬೀನು, ಒಳಗೆ ಮಂಜು ಕಟ್ಟಿ ಹಾಳಾಗಿತ್ತು. ಹೊಸದು ತರಲು ಅಂಗಡಿಗೆ ಹೊರಟಾಗ ನನ್ನನ್ನೂ ಕರೆದುಕೊಂಡು ಹೋದರು. ನಾನು ಬಾಗಿಲ ಬಳಿಯ ಕುರ್ಚಿಯಲ್ಲಿ ಕುಳಿತೆ. ಅಲ್ಲಿ ಸೀರೆ ಉಟ್ಟವಳು ನಾನೊಬ್ಬಳೇ.

ಅಕ್ಕ ಎಲ್ಲಕ್ಕಿಂತ ಉದ್ದದ್ದನ್ನು ಎತ್ತಿಕೊಂಡಳು. ದೂರದ್ದನ್ನು ಇಪ್ಪತ್ತು ಪಟ್ಟು ಹತ್ತಿರ ತೋರಿಸುವಂಥದ್ದು. ಅಂಗಡಿಯ ಮುದುಕ ತಲೆಯಾಡಿಸಿ ನಿಧಾನವಾಗಿ ಏನೋ ಹೇಳಿದ. ನಿಮ್ಮಪ್ಪ ನನಗೆ ಬಿಡಿಸಿ ಹೇಳಿದರು: "ಮರಗಳ ಮಧ್ಯೆ ನೂರು ಗಜಕ್ಕಿಂತ ದೂರ ಕಾಣೋದೇ ಇಲ್ಲ ಅತ್ತೆ. ಅಷ್ಟು ದೊಡ್ಡದು ಮಾಡಿದ್ರೆ ಜಿಂಕೆಯ ಕೂದಲು ಕಾಣುತ್ತೆ, ಜಿಂಕೆ ಎಲ್ಲಿದೆ ಅಂತ ಗೊತ್ತಾಗಲ್ಲ. ಚಿಕ್ಕದೇ ವಾಸಿ, ಆದ್ರೆ ಬೆಳಗಿನ ಮಬ್ಬಿನಲ್ಲಿ ಬೆಳಕು ಚೆನ್ನಾಗಿ ಹಿಡೀಬೇಕು ಅಂತಾರೆ."

ಮುದುಕ ಚಿಕ್ಕವು ಮೂರನ್ನು ಮುಂದಿಟ್ಟ. ಅಕ್ಕನಿಗೆ ಮೂರೂ ಒಂದೇ ಥರ ಕಂಡವು. "ಅಜ್ಜಿ, ನೀನೂ ಟ್ರೈ ಮಾಡು," ಎಂದು ಕೈ ಹಿಡಿದು ಎಬ್ಬಿಸಿದಳು.

ಬೇಡವೆಂದರೂ ಬಿಡಲಿಲ್ಲ. ಕಣ್ಣು ಹತ್ತಿರ ಇಟ್ಟರೆ ಬರೀ ಕಪ್ಪು. ಸ್ವಲ್ಪ ಹಿಂದೆ ಸರಿದೆ. ಸೂಜಿಗೆ ದಾರ ಪೋಣಿಸುವಾಗ ಒಂದು ದೂರದಲ್ಲಿ ಕಣ್ಣು ತಾನೇ ನಿಲ್ಲುತ್ತದಲ್ಲ, ಹಾಗೆ ನಾಲ್ಕು ಬೆರಳಿನ ದೂರದಲ್ಲಿ ಇಡೀ ವೃತ್ತ ಬೆಳಗಿತು. ಅಂಗಡಿಯ ಆ ತುದಿಯಲ್ಲಿ, ದೀಪ ಇಲ್ಲದ ಗೋಡೆಯ ಮೇಲೆ, ಒಂದು ಜಿಂಕೆಯ ತಲೆಯನ್ನು ಮೊಳೆ ಹೊಡೆದು ನಿಲ್ಲಿಸಿದ್ದರು. ಮೊದಲ ಎರಡರಲ್ಲಿ ಅದರ ಮುಖ ಕಂಡಿತು. ಮೂರನೆಯದರಲ್ಲಿ ರೆಪ್ಪೆಗೂದಲು ಕಂಡಿತು.

"ಇದು," ಎಂದೆ. ಅಷ್ಟೇ ಹೇಳಿದ್ದು.

"ಅಜ್ಜಿ ಹ್ಯಾಸ್ ಸ್ಪೋಕನ್!" ಎಂದು ಅಕ್ಕ ಅದನ್ನೇ ಕೊಂಡಳು. ಕಾರಿನಲ್ಲಿ ಅದರ ಡಬ್ಬಿಯನ್ನು ನನ್ನ ಮಡಿಲಲ್ಲಿಟ್ಟರು.

ಸ್ಕೋಪನ್ನು ರೈಫಲಿನ ಮೇಲೆ ಕೂರಿಸುವ ಕೆಲಸ ನಮ್ಮ ಬೇಸ್‌ಮೆಂಟಿನಲ್ಲಿ ನಡೆಯಿತು. ರೈಫಲಿನಲ್ಲಿ ಗುಂಡಿಲ್ಲವೆಂದು ನಿಮ್ಮಪ್ಪ ಎರಡು ಸಲ ತೆರೆದು ನೋಡಿದರು, ಆಮೇಲೆ ಅಕ್ಕನ ಕೈಯಲ್ಲೂ ನೋಡಿಸಿದರು. ಸೆಪ್ಟೆಂಬರಿನ ಸೆಕೆಯಲ್ಲಿ ಅವಳಿಗೆ ಚಳಿಗಾಲದ ದಪ್ಪ ಕೋಟು ತೊಡಿಸಿದರು. ಬೇಟೆಗೆ ಹಾಕಿಕೊಳ್ಳುವ ಬಟ್ಟೆಯಲ್ಲೇ ಕಣ್ಣಿಗೂ ಸ್ಕೋಪಿಗೂ ಇರುವ ದೂರದ ಅಳತೆ ತೆಗೆಯಬೇಕಂತೆ, ಇಲ್ಲವಾದರೆ ಗುಂಡು ಹಾರಿದಾಗ ಸ್ಕೋಪಿನ ಅಂಚು ಹುಬ್ಬಿಗೆ ಬಡಿಯುತ್ತದಂತೆ. ಅವಳು ಬೆವರುತ್ತಾ, "ಡ್ಯಾಡ್, ಐ ಆಮ್ ಆಲ್ರೆಡಿ ಕುಕ್ಡ್," ಎನ್ನುತ್ತಿದ್ದಳು.

ಸ್ಕೋಪಿನೊಳಗೆ ಕೂದಲಿನಂಥ ಎರಡು ಗೆರೆಗಳು ಒಂದನ್ನೊಂದು ದಾಟುತ್ತವೆ. ನಿಂತ ಗೆರೆ ನೆಟ್ಟಗಿರಬೇಕು. ನೆಟ್ಟಗಿದೆಯೋ ಇಲ್ಲವೋ ಎಂದು ಅಪ್ಪ ಮಗಳಿಗೆ ಜಗಳ ಹತ್ತಿತು. ನಾನು ಮೇಲೆ ಹೋಗಿ ನನ್ನ ಪೆಟ್ಟಿಗೆಯಿಂದ ನಿಮ್ಮ ತಾತನ ತೂಗುಗುಂಡು ತಂದೆ. ತಾತ ಗಾರೆ ಕೆಲಸದ ಮೇಸ್ತ್ರಿ. ನಮ್ಮೂರ ಶಾಲೆಯ ಗೋಡೆಯನ್ನು ನೆಟ್ಟಗೆ ನಿಲ್ಲಿಸಿದ್ದು ಆ ಹಿತ್ತಾಳೆಯ ಗುಂಡು, ಅದರ ದಾರ. ನಿಮ್ಮಪ್ಪನ ಮುಂದಿಟ್ಟೆ. ಅವರು ಒಂದು ಗಳಿಗೆ ನೋಡಿ, "ಮಾವನವರೇ ಬಂದ್ರಲ್ಲ, ಇನ್ನು ಜಗಳ ಇಲ್ಲ," ಎಂದರು. ಎದುರುಗೋಡೆಗೆ ದಾರ ಇಳಿಬಿಟ್ಟು, ಸ್ಕೋಪಿನ ಗೆರೆಯನ್ನು ಅದಕ್ಕೆ ಕೂಡಿಸಿ, ತಿರುಪುಗಳನ್ನು ಆ ಕಡೆ ಒಂದಿಷ್ಟು ಈ ಕಡೆ ಒಂದಿಷ್ಟು ಬಿಗಿದರು.

ಮುಂದಿನ ಶನಿವಾರ ಗುಂಡು ಹಾರಿಸುವ ಮೈದಾನಕ್ಕೆ ಹೋಗಿ ಗುರಿ ಕೂಡಿಸಿಕೊಂಡು ಬಂದರು. ಅಕ್ಕ ತಂದ ಕಾಗದದ ನಡುವೆ ಮೂರು ತೂತು, ಮೂರನ್ನೂ ಒಂದು ಹಪ್ಪಳದ ಉಂಡೆಯಿಂದ ಮುಚ್ಚಬಹುದಿತ್ತು. ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು.

ಅದಾದ ಮೇಲೆ ಆಯುಧಪೂಜೆ ಬಂತು. ಪ್ರತಿ ವರ್ಷದಂತೆ ಕಾರುಗಳ ಕೀಲಿ, ನಿಮ್ಮಮ್ಮನ ಲ್ಯಾಪ್‌ಟಾಪು, ನನ್ನ ಈಳಿಗೆಮಣೆ, ತಾತನ ತೂಗುಗುಂಡು ಎಲ್ಲ ಜೋಡಿಸಿದೆ. ನಿಮ್ಮಪ್ಪ ರೈಫಲನ್ನೂ ತಂದು ಮಲಗಿಸಿ, ಸ್ನಾನಕ್ಕೆ ಹೋದರು. ಗಾಜಿಗೆ ಗಂಧ ತಾಕಬಾರದೆಂಬ ಬುದ್ಧಿ ನನಗಿತ್ತು. ಮರದ ಹಿಡಿಗೆ ಮಾತ್ರ ಇಟ್ಟೆ. ಸ್ಕೋಪಿನ ನೆತ್ತಿಯ ಮೇಲೆ ಒಂದು ಪುಟ್ಟ ದುಂಡನೆಯ ಮುಚ್ಚಳ ಇತ್ತು, ಥೇಟು ಕುಂಕುಮದ ಭರಣಿಯ ಮುಚ್ಚಳ. ಕೈ ತಾನಾಗಿ ಹೋಯಿತು. ತಿರುಗಿಸಿದೆ, ಬಂತು. ಒಳಗೆ ಒಂದು ಚಕ್ರ. ಅದನ್ನೂ ತಿರುಗಿಸಿದೆ. ಟಿಕ್ ಟಿಕ್ ಎಂದು ಎಷ್ಟು ಚಂದದ ಸದ್ದು! ಕೈಗಡಿಯಾರಕ್ಕೆ ಕೀ ಕೊಟ್ಟ ಹಾಗೆ ಇನ್ನೊಂದಿಷ್ಟು ತಿರುಗಿಸಿ, ಮುಚ್ಚಳ ಹಾಕಿ, ಮೇಲೊಂದು ಚೆಂಡುಹೂವಿಟ್ಟು ಮಂಗಳಾರತಿ ಮಾಡಿದೆ.

ನವೆಂಬರಿನಲ್ಲಿ, ಅವರು ಹೊರಡುವ ವಾರ, ಊಟಕ್ಕೆ ಕುಳಿತಾಗ ಅಕ್ಕ ನಿಮ್ಮಮ್ಮನಿಗೆ ವಿವರಿಸುತ್ತಿದ್ದಳು: "ಆ ಕ್ಯಾಪ್ ಒಳಗೆ ಡಯಲ್ ಇರುತ್ತೆ ಅಮ್ಮಾ. ನಾಲ್ಕು ಕ್ಲಿಕ್ ತಿರುಗಿಸಿದ್ರೆ ಹಂಡ್ರೆಡ್ ಯಾರ್ಡ್ಸ್‌ನಲ್ಲಿ ಬುಲೆಟ್ ಒಂದಿಂಚು ಮೇಲೆ ಇಲ್ಲಾ ಕೆಳಗೆ ಹೋಗುತ್ತೆ."

ನನ್ನ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು.

ಮೂರು ದಿನ ಸುಮ್ಮನಿದ್ದೆ. ಅಳಿಯನ ಮನೆಯಲ್ಲಿ, ಅಳಿಯನ ವಸ್ತುವನ್ನು ಕೆಡಿಸಿದೆ ಎಂದು ಯಾವ ಬಾಯಲ್ಲಿ ಹೇಳಲಿ? ಬಹುಶಃ ಏನೂ ಆಗಿರಲಿಕ್ಕಿಲ್ಲ ಎಂದುಕೊಂಡೆ. ಫ್ರಿಜ್ಜು ತೆರೆದಾಗಲೆಲ್ಲ ಆ ಮೂರು ತೂತು ನನ್ನನ್ನೇ ನೋಡುತ್ತಿದ್ದವು. ಅವಳು ಹಂಡ್ರೆಡ್ ಪರ್ಸೆಂಟ್ ಶ್ಯೂರ್ ಆಗಿಯೇ ಹೊಡೆಯುತ್ತಾಳೆ. ಜಿಂಕೆ ಹೊಟ್ಟೆಗೆ ಪೆಟ್ಟು ತಿಂದು ಓಡುತ್ತದೆ. ಅವಳು ನನ್ನ ಅಪ್ಪನ ಹಾಗೆ ಊಟ ಬಿಟ್ಟು ಮಲಗುತ್ತಾಳೆ, ತನ್ನ ತಪ್ಪೆಂದೇ ತಿಳಿದುಕೊಂಡು.

ಹೊರಡುವ ಹಿಂದಿನ ದಿನ ಬೆಳಗ್ಗೆ ನಿಮ್ಮಪ್ಪ ಕಾಫಿ ಕುಡಿಯುತ್ತಿದ್ದರು. ಅಕ್ಕ ನೆಲದ ಮೇಲೆ ಕುಳಿತು ಬ್ಯಾಗು ತುಂಬುತ್ತಿದ್ದಳು. ನಾನು ಒಲೆಯ ಕಡೆಗೇ ಮುಖ ಮಾಡಿಕೊಂಡು ಹೇಳಿದೆ: "ಪೂಜೆ ದಿನ ಆ ರೈಫಲಿನ ಮೇಲಿನ ಮುಚ್ಚಳ ತೆಗೆದಿದ್ದೆ, ಕುಂಕುಮದ ಭರಣಿ ಮುಚ್ಚಳದ ಹಾಗಿತ್ತು. ಒಳಗಿನದ್ದನ್ನೂ ತಿರುಗಿಸಿದೆ."

ಅಕ್ಕ ಬ್ಯಾಗು ಬಿಟ್ಟು ತಿರುಗಿದಳು. "ಎಷ್ಟು ಕ್ಲಿಕ್ ಅಜ್ಜಿ?"

"ಎಣಿಸಲಿಲ್ಲ ಕಣೇ. ಸದ್ದು ಚೆನ್ನಾಗಿತ್ತು."

ನಿಮ್ಮಪ್ಪ ಲೋಟ ಕೆಳಗಿಟ್ಟರು. ಬೈಯುತ್ತಾರೆ ಎಂದು ಕಣ್ಣು ಮುಚ್ಚಿದೆ. "ಸರಿಯಾಗಿದ್ದಾಗ ಡಯಲ್ ಎಲ್ಲಿ ನಿಂತಿತ್ತು ಅಂತ ನಾನು ಬರೆದಿಟ್ಕೋಬೇಕಿತ್ತು ಅತ್ತೆ. ಹೊರಡೋ ಮುಂಚೆ ಇನ್ನೊಂದ್ಸಲ ಹೊಡೆದು ನೋಡೋದೂ ಬಿಟ್ಟಿದ್ದೆ. ಆ ತಪ್ಪು ನಂದು," ಎಂದರು. ಅಕ್ಕ ಆಗಲೇ ಬೂಟು ಹಾಕುತ್ತಿದ್ದಳು. "ಲೆಟ್ಸ್ ಗೋ. ಅಜ್ಜಿ, ನೀನೂ ಬಾ. ಸ್ವೆಟರ್ ಹಾಕ್ಕೋ."

ಮೈದಾನದಲ್ಲಿ ನನ್ನ ತುರುಬಿನ ಮೇಲೆ ಕಿವಿಮುಚ್ಚುಗ ಕೂರದೆ ಒದ್ದಾಡಿಸಿತು. ಅಕ್ಕ ಒಂದೇ ಗುಂಡು ಹಾರಿಸಿದಳು. ಕಾಗದ ತಂದು ನೋಡಿದರೆ ತೂತು ನಡುವಿನಿಂದ ಮುಕ್ಕಾಲು ಗೇಣು ಕೆಳಗಿತ್ತು. ನಿಮ್ಮಪ್ಪ ಅಳೆದು, "ಏಳಿಂಚು," ಎಂದರು.

ಅಕ್ಕ ಮುಚ್ಚಳ ತೆಗೆದು ರೈಫಲನ್ನು ನನ್ನ ಕಡೆ ಸರಿಸಿದಳು. "ನೀನೇ ತಿರುಗಿಸಿದ್ದು, ನೀನೇ ವಾಪಸ್ ತಿರುಗಿಸು. ಇಂಚಿಗೆ ನಾಲ್ಕರಂತೆ ಇಪ್ಪತ್ತೆಂಟು. ಈ ಸಲ ಎಣಿಸು, ಪ್ಲೀಸ್."

ಮಗ್ಗಿ ಒಪ್ಪಿಸುವ ಹಾಗೆ ಜೋರಾಗಿ ಎಣಿಸಿದೆ. ಒಂದು, ಎರಡು, ಮೂರು... ಪಕ್ಕದ ಮೇಜಿನವರು ತಿರುಗಿ ನೋಡಿದರು, ನಾನು ನಿಲ್ಲಿಸಲಿಲ್ಲ. ಇಪ್ಪತ್ತೆಂಟಕ್ಕೆ ಕೈ ತೆಗೆದೆ. ಅಕ್ಕ ಮೂರು ಗುಂಡು ಹಾರಿಸಿದಳು. ಮೂರೂ ನಡುವಿಗೆ.

ಬೆಟ್ಟದಲ್ಲಿ ಮೊದಲೆರಡು ದಿನ ಅವಳಿಗೆ ಜಿಂಕೆ ಕಂಡರೂ ಕೊಂಬೆ ಅಡ್ಡವಿತ್ತೆಂದು ಹೊಡೆಯಲಿಲ್ಲ. ಮೂರನೆಯ ದಿನ ಫೋನು ಬಂತು. "ಒಂದೇ ಶಾಟ್ ಅಜ್ಜಿ. ಹತ್ತು ಹೆಜ್ಜೆ ನಡೀತು, ಅಷ್ಟೇ." ಆಮೇಲೆ ಸ್ವಲ್ಪ ಹೊತ್ತು ಅತ್ತಳು. "ಊಟ ಮಾಡು," ಎಂದೆ. "ಮಾಡ್ತೀನಿ," ಎಂದಳು.

ಆ ಮಾಂಸಕ್ಕೆ ಮೆಣಸು ಹೆಚ್ಚಿಗೆ ಅರೆದು ಸಾರು ಮಾಡಿದೆ. ಕುಕ್ಕರ್ ಒಂಬತ್ತು ಸಲ ಕೂಗಬೇಕಾಯಿತು. ಅವಳು ಎರಡು ಮುದ್ದೆ ಉಂಡಳು.

ಮರುವರ್ಷದ ಆಯುಧಪೂಜೆಗೆ ರೈಫಲು ಮತ್ತೆ ತಾತನ ತೂಗುಗುಂಡಿನ ಪಕ್ಕ ಬಂದು ಮಲಗಿತು. ಆ ಪುಟ್ಟ ಮುಚ್ಚಳದ ಸುತ್ತ ಬಿಳಿ ಟೇಪು ಸುತ್ತಿತ್ತು. ಅದರ ಮೇಲೆ, ನಾನೇ ಅವಳಿಗೆ ಅಡುಗೆಮನೆಯ ಹಿಟ್ಟಿನಲ್ಲಿ ಬೆರಳು ಹಿಡಿದು ಕಲಿಸಿದ ಅಕ್ಷರಗಳಲ್ಲಿ, ಬರೆದಿತ್ತು: ಅಜ್ಜಿ, ಇದು ಭರಣಿ ಅಲ್ಲ.

ಟೇಪಿಗೂ ಒಂದು ಚುಕ್ಕೆ ಕುಂಕುಮ ಇಟ್ಟೆ.