ಆಯಿಯ ಮೇಲೆ ನಾನು ಹೇಳಿದ ಮಾತು

ಗೋಕಾಕದ ದವಾಖಾನೆಯಲ್ಲಿ ನನ್ನ ಬಾಜೂ ಮಂಚದ ಕೂಸಿಗೆ ಅದರ ಅಜ್ಜಿ ಬೆಚ್ಚಗಿನ ಔಡಲೆಣ್ಣೆ ಹಚ್ಚುತ್ತಿದ್ದಳು. ಆ ವಾಸನೆಗೆ ಮೂಡಲಗಿಯ ನಮ್ಮ ಓಣಿಯ ಮುದುಕಿ, ಎಲ್ಲರೂ ಆಯಿ ಎನ್ನುತ್ತಿದ್ದವಳು, ನೆನಪಾದಳು. ಹೊಟ್ಟೆ ನೋವು ಬಿಡದಿದ್ದರೆ ನಮ್ಮಲ್ಲಿ ಹೊಕ್ಕಳ ಬಟ್ಟಿ ಸರಿದಿದೆ ಎನ್ನುತ್ತಾರೆ. ಎಣ್ಣೆ ಹಚ್ಚಿ, ತಿಕ್ಕಿ, ಅದನ್ನು ಜಾಗಕ್ಕೆ ಕೂಡಿಸುತ್ತಿದ್ದವಳು ಆಕೆ.

ಹದಿನೈದು ವರ್ಷದ ಹಿಂದೆ ನಮ್ಮ ವೈನಿಗೆ, ಅಣ್ಣನ ಹೆಂಡತಿಗೆ, ಬಲಗಡೆ ಕಿಬ್ಬೊಟ್ಟೆ ನೋಯತೊಡಗಿತು. ಆಯಿ ಬಂದು ಕೈಗೆ ಎಣ್ಣೆ ಸವರಿಕೊಂಡಳು.

“ಬಟ್ಟಿ ತವರಮನಿಗೆ ಹೋಗೇತೇನವಾ? ತಡಿ, ಎಳಕೊಂಡ ಬರ್ತೇನಿ.”

ವೈನಿ ನಕ್ಕಳು.

“ಬಸರೇನಿಲ್ಲಲಾ?”

“ಇಲ್ಲ ಆಯಿ, ನಿನ್ನೆ ಹೊರಗಾಗೇನಿ.”

ಮುಟ್ಟು ತಡವಾಗಿತ್ತು, ಬಂದದ್ದೂ ತುಸುವೇ. ಆದರೆ ಬಂತಲ್ಲ ಎಂದು ಎಲ್ಲರೂ ಸುಮ್ಮನಾದೆವು. ಆಯಿ ತಿಕ್ಕಿದಳು. ನಾನು ಎಣ್ಣೆಯ ಬಟ್ಟಲು ಹಿಡಿದು ಕುಳಿತಿದ್ದೆ. ಸಂಜೆ ವೈನಿ ಬಿಳುಚಿಕೊಂಡು ಕುಸಿದಳು. ಗೋಕಾಕ ಮುಟ್ಟುವ ಮೊದಲೇ ಜೀವ ಹೋಯಿತು. ಬಸಿರು ಗರ್ಭನಾಳದಲ್ಲಿ ನಿಂತು ಒಡೆದಿದೆ ಎಂದರು ದವಾಖಾನೆಯವರು.

“ನೀ ಅಲ್ಲೇ ಇದ್ದೆಲಾ, ಆಯಿ ಏನ ಮಾಡಿದ್ಲು?” ಅಣ್ಣ ಕೇಳಿದ.

“ಜೋರ ಒತ್ತಿದ್ಲು” ಎಂದೆ.

ಅಷ್ಟೇ. ಮರುದಿನದಿಂದ ಆಯಿಯನ್ನು ಯಾರೂ ಕರೆಯಲಿಲ್ಲ. ನಳದ ಹತ್ತಿರ ಹೆಂಗಸರು ತಮ್ಮ ಕೊಡ ಸರಿಸಿಕೊಂಡರು. ವರ್ಷದೊಳಗೆ ಆಕೆ ಹತ್ತರಗಿಯ ಮಗಳ ಮನೆಗೆ ಹೋದಳು.

ಈಗ ನನಗೂ ಅದೇ ಆಯಿತು. ಒಡೆಯುವ ಮೊದಲೇ ಸ್ಕ್ಯಾನಿಂಗ್‌ನಲ್ಲಿ ಕಂಡಿತು. ಆ ನಾಳ ತೆಗೆದರು. ಡಾಕ್ಟರಬಾಯಿ ಚಿತ್ರ ಬರೆದು ತಿಳಿಸಿದರು. ನಾಳದ ಒಳಮೈಗೆ ಬರಿಗಣ್ಣಿಗೆ ಕಾಣದ ಕೂದಲುಗಳಿರುತ್ತವೆ. ಗಾಳಿಗೆ ಜೋಳದ ಹೊಲ ಬಾಗಿದಂತೆ ಒಂದರ ಹಿಂದೊಂದು ಬಾಗಿ, ತತ್ತಿಯನ್ನು ಗರ್ಭಚೀಲದ ಕಡೆ ದೂಡುತ್ತವೆ. ಹಳೆಯ ಸೋಂಕಿನಿಂದ ಅವು ಕೆಟ್ಟಿದ್ದರೆ ಬಸಿರು ದಾರಿಯಲ್ಲೇ ನಿಲ್ಲಬಹುದು.

ವೈನಿಗೆ ಆದದ್ದನ್ನು ಹೇಳಿ, “ಹೊಟ್ಟಿ ತಿಕ್ಕಿದ್ರ ಆ ಕೂದಲ ಕೆಡ್ತಾವೇನ್ರಿ?” ಎಂದೆ.

“ಇಲ್ಲವಾ. ತಿಕ್ಕೂ ಮೊದಲ ಬಸರ ಅಲ್ಲಿ ಸಿಕ್ಕೊಂಡಿರ್ತೈತಿ.”

“ಮತ್ತ... ಒಡಿಯೂದು?”

ಅವರು ಪೆನ್ನಿನ ಟೊಪ್ಪಿಗೆ ಮುಚ್ಚಿದರು. “ತಿಕ್ಕದಿದ್ರೂ ಒಡೀತಿತ್ತೇನೋ. ತಿಕ್ಕಿದ್ದಕ್ಕ ಅವತ್ತ ಒಡೀತೋ ಏನೋ. ನೋಡದ ಹೆಂಗ ಹೇಳ್ಲಿ?”

ನೋಡಿದವಳು ನಾನೊಬ್ಬಳೇ. ವೈನಿ ಮುಖ ಕಿವುಚಿದ್ದು ನೆನಪಿದೆ. ಆಯಿಯ ಕೈ ಎಷ್ಟು ಒತ್ತಿತು... ಎಷ್ಟು ನೆನೆದರೂ ಕಾಣುವುದಿಲ್ಲ. ಬಹುಶಃ ಆಗಲೂ ನಾನು ಕೈ ನೋಡಿರಲಿಲ್ಲ. ವೈನಿಯ ಮುಖ ನೋಡಿ ಹೇಳಿದ್ದೆ.

ಹೊಲಿಗೆ ಬಿಚ್ಚಿದ ಮೇಲೆ ಹತ್ತರಗಿಗೆ ಹೋಗಬೇಕೆಂದು ಅಣ್ಣನಿಗೆ ಫೋನು ಮಾಡಿದೆ. ಆಯಿ ತೀರಿಕೊಂಡು ಎರಡು ವರ್ಷವಾಯಿತೆಂದ. ಮಗಳು ಅಲ್ಲೇ ಇದ್ದಾಳಂತೆ. ಅವಳ ಮುಂದೆ ಏನೆಂದು ಬಾಯಿ ತೆರೆಯಲಿ? ನಿನ್ನ ತಾಯಿಯ ತಪ್ಪಿಲ್ಲ ಎಂದು ಹೇಳುವಷ್ಟೂ ನನಗೆ ಗೊತ್ತಿಲ್ಲ.